ಹದ್ದುಗಣ್ಣನ ಬೆರಳು

ಇಪ್ಪತ್ತೆರಡು ವರ್ಷ ಕರಡು ತಿದ್ದಿದವನನ್ನು ಒಂದು ಸೋಮವಾರ ಕರೆದು, ಇನ್ನು ಮೇಲೆ ಈ ಕೆಲಸ ಕಂಪ್ಯೂಟರೇ ಮಾಡುತ್ತದೆ ಎಂದು ಹೇಳಿ ಕೈಗೊಂದು ಹೂಗುಚ್ಛ ಕೊಟ್ಟು ಕಳಿಸಿದರೆ ಅವನಿಗೆ ಹೇಗಾಗಬೇಡ? ಬೀಳ್ಕೊಡುಗೆಯ ಪತ್ರದಲ್ಲೇ ಮೂರು ತಪ್ಪಿದ್ದವು. ಹದ್ದುಗಣ್ಣ ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಪತ್ರವನ್ನು ಯಜಮಾನರ ಮೇಜಿನ ಮೇಲೆಯೇ ಇಟ್ಟು ಬಂದ. ಆ ಅಡ್ಡಹೆಸರು ಮುದ್ರಣಾಲಯದವರೇ ಇಟ್ಟದ್ದು. ಅವನ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಹೊರಗೆ ಹೋದದ್ದಿಲ್ಲ.

ಆಮೇಲೆ ನಾಲ್ಕು ತಿಂಗಳು ಚಪ್ಪಲಿ ಸವೆಸಿದ. ಕರಡು ತಿದ್ದುವವರು ಬೇಕಾಗಿದ್ದಾರೆ ಎಂಬ ಜಾಹೀರಾತು ಕಂಡದ್ದು ಒಂದೇ ಒಂದು, ಅದೂ ಬ್ರೈಲ್ ಪುಸ್ತಕ ಅಚ್ಚು ಹಾಕುವವರದ್ದು. ಕಾಯಂ ಕೆಲಸ, ಆದರೆ ಅಂಧರಿಗೆ ಮಾತ್ರ. ಹದ್ದುಗಣ್ಣನಿಗೆ ಮೈಯೆಲ್ಲ ಉರಿಯಿತು. ಕುರ್ಚಿ ನ್ಯಾಯವಾಗಿ ತನ್ನದು, ಅಡ್ಡ ಬಂದಿರುವುದು ತನ್ನದೇ ಕಣ್ಣು. ಎರಡು ದಿನ ತಲೆ ಕೆಡಿಸಿಕೊಂಡು, ಮೂರನೆಯ ದಿನ ಕಣ್ಣನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿದ.

ರಬ್ಬರ್ ಸ್ಟಾಂಪ್ ಮಾಡುವ ಭಾವಮೈದ ಇದ್ದುದರಿಂದ ವೈದ್ಯರ ಪ್ರಮಾಣಪತ್ರ ಒಂದೇ ಸಂಜೆಯಲ್ಲಿ ಆಯಿತು. ಬಿಳಿ ಕೋಲು, ಗುಂಡಿ ಒತ್ತಿದರೆ ಹೊತ್ತು ಹೇಳುವ ಕೈಗಡಿಯಾರ, ಒಳಗಿನಿಂದ ಎಲ್ಲ ಕಾಣಿಸಿ ಹೊರಗಿನಿಂದ ಏನೂ ಕಾಣಿಸದ ಕಪ್ಪು ಕನ್ನಡಕ ಕೊಂಡ. ಆರು ಚುಕ್ಕಿಯ ಬ್ರೈಲ್ ಲಿಪಿಯನ್ನು ಅವನ ಕಣ್ಣು ಮೂರು ವಾರದಲ್ಲಿ ನುಂಗಿ ನೀರು ಕುಡಿಯಿತು. ಬೆರಳು ಮಾತ್ರ ಹಟ ಹಿಡಿಯಿತು. ಮುಟ್ಟಿದರೆ ಎಲ್ಲ ಅಕ್ಷರವೂ ಒಂದೇ, ನೆಲದ ಮೇಲೆ ಮರಳು ಚೆಲ್ಲಿದ ಹಾಗೆ. ಹದ್ದುಗಣ್ಣ ಬೆರಳಿನ ಗೊಡವೆಯನ್ನೇ ಬಿಟ್ಟ. ಗದ್ದ ಮೇಲೆತ್ತಿ, ಕನ್ನಡಕದ ಒಳಗಿನಿಂದ ವಾರೆಗಣ್ಣಲ್ಲಿ ಓದುತ್ತ, ಬೆರಳನ್ನು ಒಂದಕ್ಷರ ಹಿಂದೆ ಸುಮ್ಮನೆ ಓಡಿಸಿದರಾಯಿತು. ಕನ್ನಡಿಯ ಮುಂದೆ ಕೂತು ಸಂದರ್ಶನದ ಹಿಂದಿನ ದಿನದವರೆಗೂ ಅದನ್ನೇ ಮಾಡಿದ.

"ಇದು ಸರಿಯಿಲ್ಲ ಕಣ್ರೀ," ಎಂದಳು ಹೆಂಡತಿ, ಹೊಲಿಗೆ ಯಂತ್ರ ನಿಲ್ಲಿಸಿ. "ಆ ಕೆಲಸಾನೇ ನಂಬ್ಕೊಂಡು ನಿಜವಾಗ್ಲೂ ಕಣ್ಣು ಕಾಣದವರು ಯಾರೋ ಬಂದಿರ್ತಾರೆ."

"ಅವರಿಗಿಂತ ನಾನು ಚೆನ್ನಾಗಿ ಓದ್ತೀನಿ ಕಣೇ. ಕೆಲಸ ಗೊತ್ತಿರೋರಿಗೆ ತಾನೇ ಕೆಲಸ?"

ಅವಳು ಯಂತ್ರವನ್ನು ಸ್ವಲ್ಪ ಜೋರಾಗಿಯೇ ತುಳಿದಳು.

ಸಂದರ್ಶನದ ಬೆಳಗ್ಗೆ ಅವನು ಬ್ರೈಲ್ ಮುದ್ರಣಾಲಯದಲ್ಲಿ ಅಂಧರಿಗೆಂದು ನೆಲಕ್ಕೆ ಹಾಕಿದ್ದ ಉಬ್ಬುಗೆರೆಯ ಮೇಲೆ ಕೋಲಾಡಿಸುತ್ತ ಓಣಿ ದಾಟಿ, ಲೆಕ್ಕ ಹಾಕಿ ಒಂದೇ ಒಂದು ಸಲ ಗೋಡೆಗೆ ತಾಗಿ, ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ಇಪ್ಪತ್ತೈದರ ಹುಡುಗಿ. ಅವಳ ಫೋನು ಪಟಪಟನೆ ಓದಿ ಹೇಳುತ್ತಿದ್ದುದು ಅವನಿಗೆ ಒಂದು ಪದವೂ ತಿಳಿಯಲಿಲ್ಲ, ಅವಳು ಮಾತ್ರ ಆರಾಮಾಗಿ ಕೇಳಿಸಿಕೊಳ್ಳುತ್ತಿದ್ದಳು. ಮಾತಾಡುವ ಕಂಪ್ಯೂಟರ್ ಒದಗಿಸಲು ಆಗುವುದಿಲ್ಲ ಎಂದು ಹನ್ನೊಂದು ಕಡೆ ತನ್ನನ್ನು ವಾಪಸ್ ಕಳಿಸಿದ್ದನ್ನು ನಗುನಗುತ್ತ ಹೇಳಿದಳು. ಇದು ಹನ್ನೆರಡನೆಯದಂತೆ. ಆಮೇಲೆ, ಅಣ್ಣ, ನಿಮಗೆ ಯಾವಾಗಿನಿಂದ ಹೀಗೆ ಎಂದು ಕೇಳಿದಳು.

"ಇತ್ತೀಚೆಗೆ," ಎಂದ ಹದ್ದುಗಣ್ಣ.

"ಹೆದರ್ಕೋಬೇಡಿ ಅಣ್ಣ, ಅಭ್ಯಾಸ ಆಗತ್ತೆ."

ಅವನಿಗೆ ನಾಚಿಕೆಯಾಯಿತು, ನಿಜಕ್ಕೂ ಆಯಿತು. ಆದರೆ ಅಷ್ಟರಲ್ಲಿ ಅವಳನ್ನು ಕರೆದರು. ಅವಳು ಹೋಗಿ ಬಂದು ಕೂತ ಮೇಲೆ ಅವನ ಸರದಿ ಬಂತು. ನಾಚಿಕೆಯನ್ನು ಬೆಂಚಿನ ಮೇಲೆಯೇ ಬಿಟ್ಟು ಎದ್ದ.

ಒಳಗೆ ಇಬ್ಬರಿದ್ದರು. ಕಣ್ಣು ಕಾಣುವ ಮ್ಯಾನೇಜರು, ಮತ್ತು ಕರಡು ವಿಭಾಗದ ಹಿರಿಯಾಕೆ. ಹುಟ್ಟಿನಿಂದಲೇ ಅಂಧೆಯಾದ ಆಕೆಯನ್ನು ಅಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮ್ಯಾನೇಜರು ಸದ್ದಿಲ್ಲದೆ ಕೈ ಚಾಚಿದ. ಹದ್ದುಗಣ್ಣ ಅದನ್ನು ಕಂಡೂ ಕಾಣದೆ, ತಡಕಾಡಿ ಕುರ್ಚಿ ಹಿಡಿದ. ಎಷ್ಟು ಸೊಗಸಾಗಿ ತಡಕಾಡಿದನೆಂದರೆ ಅವನಿಗೇ ಅವನ ಮೇಲೆ ಮೆಚ್ಚುಗೆಯಾಯಿತು. ದೊಡ್ಡಮ್ಮ ಡ್ರಾಯರಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟು, ಓದಿ ನೋಡಪ್ಪ ಎಂದರು. ಜೇನುಹುಳಗಳ ಮೇಲಿನ ಪಾಠ. ಹದ್ದುಗಣ್ಣ ಗದ್ದ ಎತ್ತಿದ, ಬೆರಳು ಓಡಿಸಿದ, ಎಲ್ಲೂ ತೊದಲದೆ ಕೊನೆಯ ಸಾಲಿನವರೆಗೂ ಓದಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷದ ಚಾಳಿ ಬಿಡಬೇಕಲ್ಲ! ಹದಿನಾಲ್ಕನೆಯ ಸಾಲಿನ ಕೊನೆಗೆ ಪೂರ್ಣವಿರಾಮ ಬಿಟ್ಟುಹೋಗಿದೆ ಎಂದು ವಿನಯದಿಂದ ತಿಳಿಸಿದ.

ಮ್ಯಾನೇಜರು ಬರೆಯುವುದನ್ನು ನಿಲ್ಲಿಸಿದ. ದೊಡ್ಡಮ್ಮ ಹಾಳೆಯನ್ನು ವಾಪಸ್ ಎಳೆದುಕೊಂಡು ಅಂಗೈಯಲ್ಲಿ ಸವರಿದರು. "ಹೌದಾ? ನಂಗೆ ಗೊತ್ತೇ ಇರ್ಲಿಲ್ಲ," ಎಂದರು ಮೆಲ್ಲಗೆ, ಸಿಟ್ಟಿಲ್ಲದೆ. "ಮೂವತ್ತು ವರ್ಷದ ಹಾಳೆ ಇದು. ಯಾರು ಬಂದ್ರೂ ಮೊದಲು ಇದನ್ನೇ ಕೊಡ್ತೀನಿ. ನಿನಗಿಂತ ಮುಂಚೆ ಬಂದ ಹುಡುಗಿ ಮುಟ್ಟಿದ ತಕ್ಷಣ ನಕ್ಕು, ಬೇರೆ ಕೊಡಿ ದೊಡ್ಡಮ್ಮ ಅಂದ್ಲು. ಮಕ್ಕಳು ಓದಿ ಓದಿ ಇದರ ಚುಕ್ಕಿಯೆಲ್ಲ ಸವೆದು ಸಪಾಟಾಗಿದೆಯಪ್ಪ, ಯಾವ ಬೆರಳಿಗೂ ಒಂದಕ್ಷರ ಸಿಗಲ್ಲ. ಗುರುತು ಮಾತ್ರ ಉಳಿದಿದೆಯಂತೆ. ಕಣ್ಣಿಗೆ ಚೆನ್ನಾಗಿ ಕಾಣತ್ತಂತೆ."