ಚುಕ್ಕಾಣಿ ಹಿಡಿಯುವ ಕೈ

ಅಣ್ಣ ತನ್ನನ್ನು ಪ್ರಯಾಣಿಕರೆದುರು ದೋಣಿಯ ಚುಕ್ಕಾಣಿಯ ಮುಂದಿನಿಂದ ಎಬ್ಬಿಸಿದ ದಿನವೇ ತಮ್ಮ ಅವನನ್ನು ಮನಸ್ಸಿನಲ್ಲಿ ಮುಳುಗಿಸಿಬಿಟ್ಟಿದ್ದ.

"ಏಳೋ ಅಲ್ಲಿಂದ. ಲೈಸೆನ್ಸ್ ಇದೆಯಾ ನಿಂಗೆ?"

"ಸುಮ್ನೆ ಕೂತ್ಕೊಂಡೆ ಕಣೋ ಅಣ್ಣ."

"ಸುಮ್ನೆ ಕೂರೋಕೆ ಹಿಂದೆ ಜಾಗ ಇದೆ. ದೋಣಿ ಓಡಿಸೋ ತರಗತಿಗೆ ಹೋಗು ಅಂದ್ರೆ ನಿದ್ದೆ ಬರುತ್ತೆ ಅಂತೀಯ."

ಎಲ್ಲರೂ ನಕ್ಕರು. ಆ ನಗು ತಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು. ಅಣ್ಣನಿಗೆ ಹೆಂಡತಿ ಮಕ್ಕಳಿಲ್ಲ. ಅವನೊಬ್ಬ ಇಲ್ಲವಾದರೆ ದೋಣಿ ತಮ್ಮನದೇ.

ಅಣ್ಣನಿಗೆ ನಿಯಮದ ಹುಚ್ಚು. ತೇಲುವ ಜಾಕೆಟ್ ತೊಡದೆ ದಡ ಬಿಟ್ಟವನಲ್ಲ. ಮಣಿಕಟ್ಟಿನಿಂದ ದೋಣಿಗೆ ಒಂದು ಕೆಂಪು ಹುರಿ ಬೇರೆ. ದೋಣಿಗೆ ಕಟ್ಟಿಹಾಕಿದ ಕರು ಎಂದು ತಮ್ಮ ಬೆನ್ನ ಹಿಂದೆ ಅಣಕಿಸುತ್ತಿದ್ದ.

ಆ ಹುಚ್ಚಿನಿಂದಲೇ ಅವನನ್ನು ಕೊಲ್ಲುವುದು ತಮ್ಮನಿಗೆ ಬಲು ರುಚಿಯಾಗಿ ಕಂಡಿತು. ಜಾಕೆಟ್ಟಿನ ಹೊಲಿಗೆ ಬಿಚ್ಚಿ, ಒಳಗಿನ ತೇಲುವ ಫೋಮ್ ಕಿತ್ತು, ಹಳೆ ಹಾಸಿಗೆಯ ಹತ್ತಿ ತುಂಬಿ, ಮತ್ತೆ ಹೊಲಿದ. ಇಬ್ಬರ ಜಾಕೆಟ್ಟುಗಳಲ್ಲಿ ಅಣ್ಣ ಯಾವುದನ್ನು ಎತ್ತಿಕೊಳ್ಳುವನೋ ಎಂದು ಎರಡಕ್ಕೂ ತುಂಬಿದ. ತಾನಂತೂ ದೋಣಿಯಲ್ಲೇ ಉಳಿಯುವವನು, ತನಗೇನು? ಆಮೇಲೆ ದೋಣಿಯ ತುರ್ತು ಸಾಮಾನಿನ ಪೆಟ್ಟಿಗೆಯಲ್ಲಿದ್ದ ಹಾರ್ನು, ದೀಪ, ಹಳೆ ಹುರಿಯ ಸುರುಳಿ ಎಲ್ಲವನ್ನೂ ನೀರಿಗೆ ಸುರಿದ. ಹುಟ್ಟುಗಳನ್ನೂ ಬಿಡಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನ ದೋಣಿಯಲ್ಲಿ ಒಂದು ಹಾರ್ನೂ ಇರಲಿಲ್ಲವಂತೆ ಎಂದು ಜನ ಆಡಿಕೊಳ್ಳಬೇಕು. ಸತ್ತ ಮೇಲೂ ಅಣ್ಣನಿಗೆ ಮಾನ ಉಳಿಯಬಾರದು.

ಮಂಜು ಕವಿದ ಬೆಳಿಗ್ಗೆ ಆಚೆ ದಡದ ಪ್ರಯಾಣಿಕರನ್ನು ಕರೆತರಲು ಇಬ್ಬರೇ ಹೊರಟರು.

"ಪೆಟ್ಟಿಗೇಲಿ ಎಲ್ಲ ಇದೆಯೇನೋ?"

"ಇದೆ ಅಣ್ಣ."

ಅಣ್ಣ ಮುಚ್ಚಳ ತೆರೆದು ನೋಡಲಿಲ್ಲ. ತಮ್ಮನ ಮಾತು ಸಾಕಿತ್ತು.

ದೊಡ್ಡ ಹಡಗು ಸಾಗುವ ದಾರಿಯ ನಡುವೆ ಅಣ್ಣ ವೇಗ ತಗ್ಗಿಸಿ, ಎದ್ದು ನಿಂತು ಮಂಜಿಗೆ ಕಿವಿಗೊಟ್ಟ. "ಬರೋ ತಿಂಗಳು ತರಗತಿಗೆ ನಾನೇ ನಿನ್ನ ಸೇರಿಸ್ತೀನಿ. ಎಷ್ಟು ದಿನ ಅಂತ ನಾನೇ ಓಡಿಸಲಿ, ದೋಣಿ ನಿಂದೂ ಅಲ್ವಾ..."

ತಮ್ಮ ಎರಡೂ ಕೈಯಿಂದ ನೂಕಿದ.

"ಕೈ ಕೊಡೋ," ಎಂದ ಅಣ್ಣ. ಬೈಯಲಿಲ್ಲ, ಕಾಲು ಜಾರಿ ಬಿದ್ದವನಂತೆ ಕೇಳಿದ. ತಮ್ಮ ಕೈಗಳನ್ನು ಜೇಬಿಗಿಳಿಸಿ ನೋಡುತ್ತ ನಿಂತ. ಹತ್ತಿ ನೀರು ಕುಡಿಯಿತು. ಕೆಂಪು ಹುರಿಯ ಕೈಯೊಂದು ಕೊನೆಗೆ ಕಂಡು ಮರೆಯಾಯಿತು. ಅಜ್ಜಿಕತೆಯ ರಾಜ್ಯದಲ್ಲಿ ಎಲ್ಲರೂ ಮಲಗಿಬಿಟ್ಟಂಥ ನಿಶ್ಶಬ್ದ. ತಮ್ಮ ಅದನ್ನು ಕಣ್ಣು ಮುಚ್ಚಿ ಸವಿದ.

ಇಷ್ಟೊಂದು ನಿಶ್ಶಬ್ದ ಏಕೆಂದು ಅವನಿಗೆ ಹೊಳೆದದ್ದು ಹಡಗಿನ ಕೂಗು ಕೇಳಿದಾಗ. ಎಂಜಿನ್ ನಿಂತಿತ್ತು. ಗುಂಡಿ ಒತ್ತಿದ, ಮತ್ತೆ ಒತ್ತಿದ. ಗುಂಡಿಯ ಪಕ್ಕದಲ್ಲಿ ಕೆಂಪು ಹುರಿಯ ತುದಿ ಕೂರುತ್ತಿದ್ದ ಜಾಗ ಖಾಲಿಯಾಗಿತ್ತು. ಆ ಹುರಿ ಕಳಚಿದರೆ ಎಂಜಿನ್ ನಿಲ್ಲುತ್ತದೆ, ಮತ್ತೆ ಸಿಕ್ಕಿಸುವವರೆಗೆ ಉಸಿರೆತ್ತುವುದಿಲ್ಲ. ತರಗತಿಯಲ್ಲಿ ಮೊದಲ ದಿನ ಹೇಳಿಕೊಡುವುದೇ ಅದನ್ನು. ಅಂಥದೇ ಇನ್ನೊಂದು ಹುರಿ, ಆ ಹಳೆ ಸುರುಳಿ, ಪೆಟ್ಟಿಗೆಯಲ್ಲಿತ್ತು; ಅದನ್ನು ಅವನೇ ನೀರಿಗೆ ಎಸೆದಿದ್ದ. ಮಂಜಿನೊಳಗಿಂದ ಕಪ್ಪು ಗೋಡೆಯೊಂದು ಎದ್ದು ಬರತೊಡಗಿತು. ತಮ್ಮ ಮೈಮೇಲಿನ ಜಾಕೆಟ್ಟನ್ನು ಮುಟ್ಟಿ ನೋಡಿಕೊಂಡ, ಮೆತ್ತಗಿತ್ತು. ಓಡಿಸುವವನು ನೀರಿಗೆ ಬಿದ್ದರೆ ದೋಣಿ ಅವನನ್ನು ಬಿಟ್ಟು ಹೋಗಬಾರದೆಂದು ಮಾಡಿದ ಹುರಿ ಅದು. ದೋಣಿ ಅಣ್ಣನನ್ನು ಬಿಟ್ಟು ಹೋಗಲಿಲ್ಲ.