ನೂರ ಅರವತ್ತನಾಲ್ಕು

ಲಿಫ್ಟ್ ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತು ಅರ್ಧ ಗಂಟೆಯಾಗಿತ್ತು. ಒಳಗೆ ಅವಳೊಬ್ಬಳೇ. ಕೈಯಲ್ಲಿ ಒಂದು ಟ್ರೇ. ಟ್ರೇ ತುಂಬ ಪ್ಲಾಸ್ಟರಿನ ಹಲ್ಲಿನ ಅಚ್ಚುಗಳು, ಇನ್ನೂ ಹಸಿ.

ತಲೆಯ ಮೇಲೆ ಬಾಗಿಲು ಎರಡಡಿ ತೆರೆಯಿತು. ಗ್ರೀಸ್ ಮೆತ್ತಿದ ಕೈಯೊಂದು ಕೆಳಗಿಳಿಯಿತು.

“ಕೈ ಕೊಡಿ ಮೇಡಂ, ಎಳ್ಕೊತೀನಿ.”

“ಮೊದಲು ಹಲ್ಲು ತೊಗೊಳ್ಳಿ.”

ಲಿಫ್ಟ್ ಮೆಕ್ಯಾನಿಕ್ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಗುರುತು ಪರಿಚಯವಿಲ್ಲದ ಹನ್ನೊಂದು ಮಂದಿಯ ದವಡೆಗಳನ್ನು ಒಂದೂ ಮುಕ್ಕಾಗದಂತೆ ಎತ್ತಿಕೊಂಡ. ಅವಳ ಸರದಿ ಬಂದದ್ದು ಅದಾದ ಮೇಲೆಯೇ. ಅವಳು ಹೊರಗೆ ಬಂದು ನಿಂತ ಮೇಲೂ ಅವನು ಕೈ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

ಆ ಕಟ್ಟಡದ ನಾಲ್ಕನೇ ಮಹಡಿಯ ಲ್ಯಾಬಿನಲ್ಲಿ ಅವಳು ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ವಯಸ್ಸು ನಲವತ್ತೊಂದು, ಗಂಡ ತೀರಿಹೋಗಿ ಆರು ವರ್ಷ. ಅವನಿಗೆ ನಲವತ್ತಾರು. ಗಂಡನಿಲ್ಲದ ಅಕ್ಕನ ಮಕ್ಕಳನ್ನು ಓದಿಸಿ ದಡ ಮುಟ್ಟಿಸುವಷ್ಟರಲ್ಲಿ ಅವನ ಮದುವೆಯ ವಯಸ್ಸು ಜಾರಿಹೋಗಿತ್ತು.

ಅಂದಿನಿಂದ ಆ ಲಿಫ್ಟಿಗೆ ಕೆಡದಿದ್ದರೂ ರಿಪೇರಿ ನಡೆಯತೊಡಗಿತು. ಅವನು ಬಂದಾಗಲೆಲ್ಲ ಮೆಟ್ಟಿಲ ಮೇಲೆ ಇಬ್ಬರಿಗೂ ಕಾಫಿ. ಅವನು ಅವಳನ್ನು ಹಲ್ಲಿನ ಮೇಡಂ ಎನ್ನುತ್ತಿದ್ದ. ಅವಳು ನಗುವುದನ್ನು ಮತ್ತೆ ಕಲಿತಳು.

ಎಂಟು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಸುತ್ತಿ ಬಳಸದೆ, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ. ‘ಹೂಂ’ ಎನ್ನುವ ಮಾತು ಅವಳ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವನು ನಗುತ್ತಾ ಸೇರಿಸಿದ:

“ಬೇಗ ಹೇಳಿ. ಐವತ್ತು ದಾಟಿದ ಗಂಡಸರು ನಮ್ಮನೇಲಿ ಇಲ್ಲ. ಅಪ್ಪ, ದೊಡ್ಡಪ್ಪ, ಇಬ್ಬರೂ ಎದೆ ಹಿಡ್ಕೊಂಡೇ ಹೋದ್ರು.”

ಅವಳ ಕೈಯ ಲೋಟ ಅಲ್ಲೇ ನಿಂತಿತು.

ಅವಳ ಗಂಡ ಹೋದದ್ದೂ ಹಾಗೆಯೇ. ಆದರೆ ಅದನ್ನು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಈಗಲೂ ಹೇಳಬೇಕಾದದ್ದು ಒಳಗೇ ಉಳಿದು, ಬೇರೆಯದೇ ಮಾತು ಹೊರಬಿತ್ತು.

“ಮೊದಲು ಹೃದಯದ ಸ್ಕ್ಯಾನ್ ಮಾಡಿಸ್ಕೊಳ್ಳಿ. ಆಮೇಲೆ ಮಾತಾಡೋಣ.”

ಸೂಜಿಯಿಲ್ಲ, ನೋವಿಲ್ಲ, ಹತ್ತು ನಿಮಿಷವೂ ಬೇಡ ಎಂದು ಗಡಿಬಿಡಿಯಲ್ಲಿ ವಿವರಿಸಿದಳು. ಹೃದಯದ ರಕ್ತನಾಳಗಳಲ್ಲಿ ಎಷ್ಟು ಕ್ಯಾಲ್ಸಿಯಂ ಕೂತಿದೆ ಎಂದು ಅಳೆದು ಒಂದು ಅಂಕ ಕೊಡುತ್ತಾರೆ. ಸೊನ್ನೆ ಬಂದರೆ ಒಳ್ಳೆಯದು, ಅಂಕ ಏರಿದಷ್ಟೂ ಅಪಾಯ.

ಅವನ ನಗು ಮಾಸಿತು.

“ಹಳೇ ಮೋಟಾರು ತೊಗೊಳ್ಳೋ ಮುಂಚೆ ನಾವೂ ಹೀಗೇ ಟೆಸ್ಟ್ ಮಾಡ್ತೀವಿ,” ಎಂದವನೇ ಲೋಟ ತೊಳೆದಿಟ್ಟು ಇಳಿದುಹೋದ.

ಮುಂದಿನ ಸಲ ಲಿಫ್ಟಿಗೆ ಬೇರೆ ಮೆಕ್ಯಾನಿಕ್ ಬಂದ. ಫೋನಿಗೂ ಉತ್ತರವಿಲ್ಲ. ‘ನನ್ನ ಬಾಯಿಗೆ ಬೆಂಕಿ ಹಾಕ... ಕಾರಣ ಹೇಳದೆ ಕೇಳಿದ್ನಲ್ಲ,’ ಎಂದು ಅವಳು ಹತ್ತೊಂಬತ್ತು ದಿನ ತನ್ನನ್ನೇ ಬೈದುಕೊಂಡಳು.

ಇಪ್ಪತ್ತನೇ ದಿನ ಲ್ಯಾಬಿಗೆ ಅವನ ಅಕ್ಕ ಬಂದಳು. ಕೈಯಲ್ಲೊಂದು ಲಕೋಟೆ. ಒಳಗೆ ಸ್ಕ್ಯಾನಿನ ವರದಿ, ಜೊತೆಗೆ ಅವನ ಕೈಬರಹದ ಚೀಟಿ.

‘ನೀವು ಕೇಳಿದ ಅಂಕ ನೂರ ಅರವತ್ತನಾಲ್ಕು. ಒಳ್ಳೆಯದಲ್ಲವಂತೆ. ನಿಮ್ಮನ್ನು ಕಾಯಿಸುವುದಿಲ್ಲ. ಸುಖವಾಗಿರಿ.’

ತನ್ನ ತಮ್ಮ ಈ ವರದಿಯನ್ನು ಡಾಕ್ಟರಿಗೂ ತೋರಿಸುತ್ತಿಲ್ಲ, ಮನೆಯಲ್ಲಿ ಬಾಯಿ ಬಿಡುತ್ತಿಲ್ಲ ಎಂದಳು ಅಕ್ಕ. ಬಂಗಾರದಂಥ ಹುಡುಗನನ್ನು ಹೀಗೆ ತಕ್ಕಡಿಗೆ ಹಾಕುವುದೇ ಎಂದು ಕಣ್ಣೊರೆಸಿಕೊಂಡಳು. ಆಗ, ಆರು ವರ್ಷದಲ್ಲಿ ಮೊದಲ ಸಲ, ಅವಳು ತನ್ನ ಗಂಡನ ಸಾವಿನ ಕಥೆಯನ್ನು ಆ ಅಕ್ಕನ ಮುಂದೆ ಹೇಳಿದಳು. ಕೇಳುತ್ತ ಕೇಳುತ್ತ ಅಕ್ಕ ಅವಳ ಪ್ಲಾಸ್ಟರ್ ಹತ್ತಿದ ಕೈಗಳನ್ನು ಹಿಡಿದುಕೊಂಡಳು.

“ಇದನ್ನ ಅವನಿಗೆ ಹೇಳು. ಈಗಲೇ ಹೋಗು.”

ಅಕ್ಕ ಹೇಳಿದಂತೆಯೇ ಅವನು ಎಂಟು ಮಹಡಿಯ ಕಟ್ಟಡವೊಂದರ ತಾರಸಿಯಲ್ಲಿ, ಲಿಫ್ಟಿನ ಯಂತ್ರದ ಕೋಣೆಯಲ್ಲಿದ್ದ. ಕೆಲಸಕ್ಕೆಂದು ಲಿಫ್ಟ್ ನಿಲ್ಲಿಸಿದ್ದರಿಂದ ಅವಳು ಅಷ್ಟೂ ಮೆಟ್ಟಿಲು ಹತ್ತಿದಳು.

“ಕೂತ್ಕೊಳ್ಳಿ, ಏದುಸಿರು ಬರ್ತಿದೆ,” ಎಂದು ಅವನು ಗಾಬರಿಯಾದ.

ಅವಳು ಕೂರಲಿಲ್ಲ. “ನನ್ನ ಗಂಡ ಶೂ ಲೇಸ್ ಕಟ್ಟೋಕೆ ಅಂತ ಬಗ್ಗಿದ್ರು... ಮೇಲೇಳಲೇ ಇಲ್ಲ. ನಲವತ್ಮೂರು ವರ್ಷ. ಹಿಂದಿನ ದಿನದವರೆಗೂ ಒಂದು ನೆಗಡಿ ಕೂಡ ಇರಲಿಲ್ಲ. ಹುಷಾರಾಗಿರಿ ಅಂತ ಮುಂಚೆ ಯಾರಾದ್ರೂ ಒಂದೇ ಒಂದು ಮಾತು ಹೇಳಿದ್ದಿದ್ರೆ...”

ಅವನು ಕೈಯ ಸ್ಪ್ಯಾನರನ್ನು ಮೆಲ್ಲನೆ ಕೆಳಗಿಟ್ಟ.

“ನಿಮ್ಮನ್ನ ಬೇಡ ಅನ್ನೋಕೆ ಸ್ಕ್ಯಾನ್ ಕೇಳಲಿಲ್ಲ ನಾನು. ಉಳಿಸ್ಕೊಳ್ಳೋಕೆ ಕೇಳಿದ್ದು.”

ಒಂದು ವಾರ ಮುನಿಸಿಕೊಂಡಿದ್ದು, ಆಮೇಲೆ ಹಟಕ್ಕೆ ಬಿದ್ದು ಸ್ಕ್ಯಾನ್ ಮಾಡಿಸಿಕೊಂಡದ್ದನ್ನು ಅವನು ಒಪ್ಪಿಕೊಂಡ.

“ಸೊನ್ನೆ ಬಂದಿದ್ರೆ ಓಡಿ ಬರೋಣ ಅಂತಿದ್ದೆ.”

“ಬರಲಿಲ್ಲವಲ್ಲ. ಅದಕ್ಕೇ ನಾನೇ ಓಡಿ ಬಂದೆ.”

ಮರುದಿನ ಬೆಳಿಗ್ಗೆ ಇಬ್ಬರೂ ಡಾಕ್ಟರ ಮುಂದೆ ಕೂತರು. ಈ ವಯಸ್ಸಿಗೆ ಅಂಕ ಹೆಚ್ಚೇ ಎಂದರು ಅವರು, ಏನನ್ನೂ ಮುಚ್ಚಿಡದೆ. ಆದರೆ ನಡೆದರೆ ಎದೆನೋವಿಲ್ಲ, ಆಯಾಸವಿಲ್ಲ. ಸದ್ಯಕ್ಕೆ ಆಪರೇಷನ್ನಿನ ಮಾತೂ ಇಲ್ಲ. ದಿನಾ ಒಂದು ಮಾತ್ರೆ, ನಡಿಗೆ, ರಕ್ತದೊತ್ತಡದ ಮೇಲೊಂದು ಕಣ್ಣು, ಸಿಗರೇಟು ಪೂರ್ತಿ ಬಂದ್. ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ಮಾಡುವುದಕ್ಕೆ ಇನ್ನೂ ಬೇಕಾದಷ್ಟಿದೆ ಎಂದು ಚೀಟಿ ಬರೆದುಕೊಟ್ಟರು.

ಹೊರಗಿನ ಬೆಂಚಿನ ಮೇಲೆ ಕೂತದ್ದೇ ತಡ, ಅವಳ ಕಣ್ಣು ತುಂಬಿ ಬಂತು. ಇದು ದುಃಖವಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಸ್ಕ್ಯಾನ್ ಯಂತ್ರಕ್ಕೆ, ಅದರೊಳಗೆ ಇವನನ್ನು ಮಲಗಿಸಿದ ಯಾರೋ ನರ್ಸಮ್ಮನಿಗೆ, ಲಕೋಟೆ ತಂದ ಅಕ್ಕನಿಗೆ... ಎಷ್ಟು ಜನಕ್ಕೆ ಕೈಮುಗಿದರೂ ಸಾಲದೆನಿಸಿತು. ಆರು ವರ್ಷದ ಹಿಂದೆ ಯಾರೂ ಹೇಳದಿದ್ದ ಆ ಒಂದು ಮಾತು ಈ ಸಲ ಸಮಯಕ್ಕೆ ಬಂದಿತ್ತು.

ಅವನು ಜೇಬಿನಿಂದ ಸಿಗರೇಟು ಪ್ಯಾಕೆಟ್ ತೆಗೆದು, ಮುಖ ಹುಳ್ಳಗೆ ಮಾಡಿಕೊಂಡು, ಪಕ್ಕದ ಕಸದ ಬುಟ್ಟಿಗೆ ಹಾಕಿದ.

“ನಮ್ಮಪ್ಪನಿಗೂ ಹೀಗೆ ಕೇಳೋರು ಒಬ್ಬರಿದ್ದಿದ್ರೆ... ನಂಗೆ ನೀವಿದ್ರಿ. ಗೊತ್ತಾಗದೆ ಕೋಪ ಮಾಡ್ಕೊಂಡೆ.”

ಅವಳು ಅವನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. “ಅವತ್ತು ಕೇಳಿದ್ದಕ್ಕೆ ಇವತ್ತು ಉತ್ತರ ಕೊಡ್ಲಾ? ಹೂಂ.”

ಅವನು ಮಾತ್ರೆ ಚೀಟಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

“ಮಾತ್ರೆಗೀತ್ರೆ ಎಲ್ಲ ನಂಗೆ ನೆನಪಿರಲ್ಲ. ನೆನಪಿಸ್ತೀರಾ?”

“ನೆನಪಿಸ್ತೀನಿ. ನುಂಗೋದು ಮಾತ್ರ ನೀನೇ.”

“ಈಗೇನಂದ್ರಿ?”

“ಏನಿಲ್ಲ.”

“ಇಲ್ಲ, ಕೊನೇ ಮಾತು... ಇನ್ನೊಂದ್ಸಲ ಹೇಳಿ.”

ಅವಳ ಮುಖ ಕೆಂಪೇರಿತು.

“‘ನೀನು’ ಅಂತ ಅಂದೆ,” ಎಂದಳು ಮೆಲ್ಲಗೆ. “ಏಳು, ಹೋಗೋಣ.”