ಎಡಚಿಯ ಮೇಜು

"ಆ ಕೈಯಲ್ಲಿ ಅಲ್ಲ, ಈ ಕೈಯಲ್ಲಿ ಹಿಡೀರಿ."

ಅವನು ಅವಳೊಡನೆ ಆಡಿದ ಮೊದಲ ಮಾತೇ ಅದು.

ಅವಳು ಗರಗಸವನ್ನು ಎಡಗೈಯಲ್ಲೇ ಇನ್ನಷ್ಟು ಬಿಗಿ ಹಿಡಿದು ತಿರುಗಿ ನೋಡಿದಳು. "ಗರಗಸಕ್ಕೆ ಹಲ್ಲಿರೋದು ಗೊತ್ತಿತ್ತು. ಯಾವ ಕೈ ಅಂತ ನೋಡೋಕೆ ಕಣ್ಣೂ ಇದೆ ಅಂತ ಗೊತ್ತಿರಲಿಲ್ಲ."

ಅವನು ಊರಿಗೆ ಕಾಗದ ಹಂಚುವ ಟಪಾಲಿನವನು. ಮಧ್ಯಾಹ್ನ ಚೀಲ ಖಾಲಿಯಾದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಮಾಡುವುದು ಅವನ ಹುಚ್ಚು. ಅವಳು ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹರಿದ ಪುಸ್ತಕ ಹೊಲಿದು ರಟ್ಟು ಹಾಕುವ ಬೈಂಡರು. ಊರಿಗೆಲ್ಲ ಎಡಚಿ. ಪುಸ್ತಕ ಇಡಲು ಒಂದು ಕಪಾಟು ಬೇಕಿತ್ತು. ಬಡಗಿ ಎರಡು ಸಲ ನಾಳೆ ಎಂದು, ಮೂರನೆಯ ಸಲ ಕೈಗೇ ಸಿಗಲಿಲ್ಲ. ತಾನೇ ಮಾಡಿಕೊಳ್ಳುತ್ತೇನೆ ಎಂದು ಗರಗಸ ಕೇಳಲು ಬಂದಿದ್ದಳು.

ಅವನು ಹಲಗೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸನ್ನು ಬಿಚ್ಚಿ, ಅವಳ ಬಲಕ್ಕೆ ತಂದು ಕೂರಿಸಿದ. ಎಡಗೈಯವರಿಗೆ ಹಾಗಲ್ಲದೆ ಹಲಗೆ ಉಜ್ಜಲಾಗದು.

"ಈಗ ಕುಯ್ಯಿರಿ," ಅಂದ.

ಅವನು ಕ್ಷಮೆ ಕೇಳುವ ರೀತಿ ಅದು. ಹುಟ್ಟಿದಾಗಿನಿಂದ ಎಲ್ಲರೂ ಅವಳ ಕೈಯನ್ನೇ ಬದಲಾಯಿಸಲು ನೋಡಿದ್ದರು. ಅವಳ ಕೈಗಾಗಿ ವೈಸನ್ನು ಬದಲಾಯಿಸಿದವನು ಇವನೊಬ್ಬನೇ.

ಶೆಡ್ಡು ಮಾತ್ರ ನೋಡುವಂತಿರಲಿಲ್ಲ. ಉಳಿಗಳು ಗೋಣಿಚೀಲದಲ್ಲಿ, ಮೊಳೆಗಳು ಹತ್ತು ಡಬ್ಬಿಗಳಲ್ಲಿ ಕಲಸುಮೇಲೋಗರ. ಮೂಲೆಮಟ್ಟ ಹುಡುಕಲು ಅವನಿಗೆ ಅರ್ಧ ಗಂಟೆ ಹಿಡಿಯಿತು.

"ನೀವು ಇಲ್ಲಿ ಮಾಡೋದು ಮರಗೆಲಸ ಅಲ್ಲ, ಹುಡುಕೋ ಕೆಲಸ," ಅಂದಳು. "ಒಂದು ಒಪ್ಪಂದ. ನೀವು ನನಗೆ ಮರ ಕಲಿಸಿ. ನಾನು ಈ ಸಂತೆಗೆ ಒಂದು ದಾರಿ ಮಾಡ್ತೀನಿ."

ಹೀಗೆ ಶುರುವಾದದ್ದು ಒಂದು ವರ್ಷ ನಡೆಯಿತು.

ಸಾಮಾನಿನ ಪೆಟ್ಟಿಗೆಗಳ ಹಲಗೆ ಬಿಚ್ಚಿ ಡ್ರಾಯರು ಮಾಡಿದರು. ಗಾಜಿನ ಶೀಶೆಗಳ ಮುಚ್ಚಳವನ್ನು ಅಟ್ಟದ ಅಡಿಗೆ ತಿರುಪು ಹಾಕಿ ಬಿಗಿದು, ಮೊಳೆ ತುಂಬಿದ ಶೀಶೆಗಳನ್ನು ತಲೆಯ ಮೇಲೆ ತೂಗಿಬಿಟ್ಟರು. ಗೋಡೆಗೆ ದೊಡ್ಡ ಹಲಗೆ ಹೊಡೆದು, ಒಂದೊಂದು ಹತಾರವನ್ನೂ ಅದರ ಮೇಲಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಯಾವುದು ಇಲ್ಲವೋ ಅದರ ಆಕಾರ ಗೋಡೆಯ ಮೇಲೆ ಖಾಲಿಯಾಗಿ ಕಾಣುತ್ತಿತ್ತು.

ನಡುವೆ ಇದ್ದದ್ದು ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದ ಹಳೆಯ ಬಾಗಿಲು. ಅದೇ ಮೇಜು. ಆ ಕಡೆ ಅವನು, ಈ ಕಡೆ ಅವಳು. ಬಲಗೈಯ ಅವನ ವೈಸು ಅವನ ಎಡಕ್ಕೆ, ಎಡಗೈಯ ಅವಳದು ಅವಳ ಬಲಕ್ಕೆ. ಎದುರುಬದುರು ನಿಂತದ್ದರಿಂದ ಎರಡೂ ಒಂದೇ ತುದಿಗೆ, ಕಿಟಕಿಯ ಕಡೆಗೆ ಬಂದಿದ್ದವು.

"ಎಲ್ಲರೂ ಜಗಳಕ್ಕೆ ಎದುರುಬದುರು ನಿಲ್ತಾರೆ," ಅಂದಿದ್ದ ಅವನು ಒಮ್ಮೆ. "ನಾವು ಎದುರು ನಿಂತ್ರೂ ಬೆಳಕು ಒಂದೇ ಕಡೆಯಿಂದ ಬರುತ್ತೆ."

ಅದಕ್ಕಿಂತ ಹೆಚ್ಚಿಗೆ ಅವನು ಏನೂ ಹೇಳಲಿಲ್ಲ. ಹೇಳುತ್ತಾನೆ ಎಂದು ಅವಳು ಕಾದಳು. ಬಾಗಿಲ ಮೇಜಿನ ಎತ್ತರ ಅವನ ಅಳತೆಯದು. ಅವಳು ಕಾಲ ಕೆಳಗೆ ಹಲಗೆ ಹಾಕಿಕೊಂಡು ನಿಲ್ಲುತ್ತಿದ್ದಳು. ಕಾಲು ನೋಯುತ್ತಿತ್ತು. ಹೋಗುವ ಮನಸ್ಸು ಬರುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಅಕ್ಕ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಳೆಂದು ಸುದ್ದಿ ಬಂತು. ಅವಳು ಅಕ್ಕನ ಮನೆಗೆ ಹೊರಟಳು. ಅಭ್ಯಾಸ ತಪ್ಪದಿರಲಿ ಎಂದು ಹಲಗೆ ನುಣುಪು ಮಾಡುವ ಅವನ ಸಣ್ಣ ಹತ್ತರಿಯನ್ನು ಕೇಳಿ ಒಯ್ದಳು.

"ಬೇಗ ಬನ್ನಿ. ಗೋಡೆ ಮೇಲೆ ಅದರ ಜಾಗ ಖಾಲಿ ಇರುತ್ತೆ," ಅಂದ.

ಹತ್ತರಿಯ ಬಗ್ಗೆಯೇ ಹೇಳಿದ್ದೋ... ಬಸ್ಸಿನ ಉದ್ದಕ್ಕೂ ಅವಳು ಅದನ್ನೇ ಯೋಚಿಸಿದಳು.

ಮೂರು ತಿಂಗಳ ಮೇಲೆ ಮರಳಿದವಳು ಚೀಲ ಮನೆಯಲ್ಲಿಟ್ಟು ನೇರ ಶೆಡ್ಡಿಗೆ ನಡೆದಳು. ಅವನಿರಲಿಲ್ಲ. ನಡುವಿನ ಬಾಗಿಲ ಮೇಜೂ ಇರಲಿಲ್ಲ. ಅವಳು ನಿಲ್ಲುತ್ತಿದ್ದ ಕಡೆಯ ಗೋಡೆಗೆ ಒತ್ತಿ ಒಂದು ಹೊಸ ಮೇಜು ನಿಂತಿತ್ತು.

ಅವಳು ಅದರ ಮುಂದೆ ನಿಂತು ಕೈ ಇಳಿಬಿಟ್ಟಳು. ಮೇಜಿನ ಅಂಚು ಸರಿಯಾಗಿ ಮಣಿಕಟ್ಟಿಗೆ ಬಂತು. ಹಳೆಯ ಮೇಜಿಗಿಂತ ನಾಲ್ಕು ಬೆರಳು ತಗ್ಗು. ತನ್ನದೇ ಅಳತೆ.

ಆಮೇಲೆ ವೈಸು ಕಂಡಿತು.

ಎಡಕ್ಕೆ.

ಹಿಂದಿನಿಂದ ಅವನ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಬಂದ್ಯಾ ಮಗಳೇ. ನೋಡು, ಹಗಲು ರಾತ್ರಿ ಇದೇ ಧ್ಯಾನ ಇವನಿಗೆ. ಮನೆಗೆ ಬರೋಳಿಗಂತೆ! ಯಾರೋ ಅಂದ್ರೆ ನಗ್ತಾನೆ, ಮೇಜು ಮುಗೀಲಿ ಅಂತಾನೆ. ಜನ ಹೆಣ್ಣಿಗೆ ಸೀರೆ ತರ್ತಾರೆ, ಇವನು ಮರದ ದಿಮ್ಮಿ ತಂದ. ನಿನಗೇನಾದ್ರೂ ಗೊತ್ತಾ?"

"ಇಲ್ಲಮ್ಮ," ಅಂದಳು ಅವಳು.

ಬರೋಳು ನನ್ನಷ್ಟೇ ಎತ್ತರದವಳು. ಬಲಗೈಯವಳು.

ಮನೆಗೆ ಹೇಗೆ ಬಂದಳೋ ಅವಳಿಗೇ ನೆನಪಿಲ್ಲ. ಕೇಳಬಹುದಿತ್ತು. ಆದರೆ ಕೇಳುವುದೇನನ್ನು? ಮೊದಲ ದಿನವೇ ಅವಳ ಕೈ ಯಾವುದೆಂದು ಕಂಡವನು ಅವನು. ಅವನೂ ಅದನ್ನು ಮರೆತ ಎಂದುಕೊಳ್ಳುವುದಕ್ಕಿಂತ, ಬೇರೊಬ್ಬಳಿದ್ದಾಳೆ ಎಂದುಕೊಳ್ಳುವುದು ಅವಳಿಗೆ ಸುಲಭವಾಗಿತ್ತು.

ಆ ವಾರವೇ ದೂರದ ಊರಿನ ಪ್ರೆಸ್ಸೊಂದಕ್ಕೆ ಬೈಂಡಿಂಗ್ ಕೆಲಸ ಕೇಳಿ ಕಾಗದ ಹಾಕಿದಳು. ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಅವನು ಎರಡು ಸಲ ಬಂದ. ಎರಡು ಸಲವೂ ಕೈ ತುಂಬ ಅಂಟು ಬಳಿದುಕೊಂಡು "ಕೆಲಸ ಇದೆ" ಅಂದಳು. ಅವನು ಹೋದ ಮೇಲೆ ಆ ಅಂಟು ಒಣಗಿ ಬೆರಳಿನಿಂದ ಸಿಪ್ಪೆ ಏಳುವ ತನಕ ಕೂತೇ ಇರುತ್ತಿದ್ದಳು. ಹೊಲಿದ ಪುಸ್ತಕವನ್ನೇ ಬಿಚ್ಚಿ ಮತ್ತೆ ಹೊಲಿದಳು. ಪುಟಗಳು ತಲೆಕೆಳಗಾದವು.

ಕೆಲಸದ ಕಾಗದ ಬಂತು. ತಂದವನು ಅವನೇ. ಊರಿಗೆ ಬೇರೆ ಟಪಾಲಿನವನೆಲ್ಲಿದ್ದ?

"ರಿಜಿಸ್ಟರ್ಡು. ಸಹಿ ಬೇಕು," ಎಂದು ಪೆನ್ನು ಚಾಚಿದ.

ಅವಳು ಎಡಗೈಯಲ್ಲಿ ಸಹಿ ಮಾಡಿದಳು. ಅವನು ಆ ಕೈಯನ್ನೇ ನೋಡುತ್ತಿದ್ದ.

"ಮೇಜು ನೋಡಿದ್ರಂತೆ. ಅಮ್ಮ ಹೇಳಿದ್ರು."

"ನೋಡಿದೆ. ಕೆಲಸ ಚೆನ್ನಾಗಿದೆ."

"ಅಷ್ಟೇನಾ?"

"ಇನ್ನೇನು ಹೇಳ್ಬೇಕಿತ್ತು ನಾನು?"

ಅವನು ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದ. "ಏನಿಲ್ಲ ಬಿಡಿ. ಈ ಲಕೋಟೆ..."

"ಕೆಲಸದ್ದು. ದೂರದೂರು. ಈ ವಾರ ಹೊರಡ್ತೀನಿ."

ಅವನ ಮುಖ ಆರಿದ ಒಲೆಯಂತಾಯಿತು. "ಒಳ್ಳೇದಾಗ್ಲಿ," ಎಂದು ಮೆಟ್ಟಿಲಿಳಿದು ಹೋದ. ಹತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ಪೆನ್ನು ಮರೆತು ಹೋದ.

ಹೊರಡುವ ಹಿಂದಿನ ದಿನ, ಅವನು ಕಾಗದ ಹಂಚಲು ಹೋಗಿರುವ ಹೊತ್ತು ನೋಡಿ ಶೆಡ್ಡಿಗೆ ಬಂದಳು. ಇನ್ನೊಬ್ಬರ ಸಾಮಾನು ಇಟ್ಟುಕೊಂಡು ಊರು ಬಿಡಬಾರದು. ಹತ್ತರಿಯನ್ನು ಅದರ ಗೆರೆಯೊಳಗೆ ತೂಗಿಬಿಟ್ಟಳು. ಖಾಲಿಯಿದ್ದ ಆಕಾರ ತುಂಬಿತು. ಅವನು ಮರೆತು ಹೋಗಿದ್ದ ಪೆನ್ನಿಗೆ ಗೋಡೆಯ ಮೇಲೆ ಜಾಗವಿರಲಿಲ್ಲ. ಹೊಸ ಮೇಜಿನ ಡ್ರಾಯರು ಎಳೆದಳು.

ಒಳಗೆ ಏನೂ ಇರಲಿಲ್ಲ, ಕೊರೆದ ಗುಳಿಗಳಷ್ಟೇ. ದಬ್ಬಳಕ್ಕೊಂದು, ಸೂಜಿಗಳಿಗೆ ನಾಲ್ಕು, ಮೇಣದ ಉಂಡೆಗೊಂದು ದುಂಡನೆಯದು. ಕೊನೆಯದು ಉದ್ದಕ್ಕೆ, ಒಂದು ಮೂಲೆ ಓರೆಯಾಗಿ.

ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕಾಗದದ ಮಡಿಕೆ ಒತ್ತುವ ಮೂಳೆಯ ಪಟ್ಟಿ ಸದಾ ಅಲ್ಲೇ ಸಿಕ್ಕಿಸಿರುತ್ತಿತ್ತು. ಹೋದ ವರ್ಷ ಇದೇ ಶೆಡ್ಡಿನಲ್ಲಿ ಬಿದ್ದು ಅದರ ಒಂದು ಮೂಲೆ ಮುರಿದಿತ್ತು. ಗುಳಿಯೊಳಗಿಟ್ಟಳು. ಮುರಿದ ಮೂಲೆಯೂ ಸೇರಿ, ಕೂದಲೆಳೆ ಜಾಗವಿಲ್ಲದಂತೆ ಕೂತಿತು.

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅಷ್ಟು ದಿನ ಅಂಟಿನ ಹಿಂದೆ ಬಚ್ಚಿಟ್ಟದ್ದೆಲ್ಲ ಅತ್ತಳು.

"ಮರ ಒದ್ದೆಯಾದ್ರೆ ಉಬ್ಬುತ್ತೆ," ಎಂಬ ದನಿ ಬಾಗಿಲಲ್ಲಿ ಕೇಳಿತು. ಅಂದು ಕಾಗದ ಕಡಿಮೆಯಿತ್ತು. ಅವನು ಬೇಗ ಬಂದಿದ್ದ. ತಮಾಷೆ ಮಾಡಲು ಹೋಗಿ ಅವನ ದನಿಯೇ ಒಡೆದಿತ್ತು.

"ಈ ಮೇಜು ಯಾರಿಗೆ?"

"ಪಟ್ಟಿ ಕೂತಿದೆಯಲ್ಲ. ಇನ್ನು ನಾನೇನು ಹೇಳ್ಲಿ?"

"ಹಾಗಾದ್ರೆ ವೈಸು ಯಾಕೆ ಈ ಕಡೆ?"

"ನಿಮ್ಮದು ಅದೇ ಕಡೆ ತಾನೆ? ಕಿಟಕಿ ಕಡೆ. ಯಾವಾಗ್ಲೂ ಅಲ್ಲೇ ಇತ್ತು."

ಅವಳು ಗೋಡೆಗೆ ಮುಖ ಮಾಡಿ, ಎಡಗೈಯಲ್ಲಿ ಹತ್ತರಿ ಹಿಡಿದವಳಂತೆ ಮೇಜಿನ ಮೇಲೆ ಕೈ ನೂಕಿದಳು. ಮೊಳಕೈ ವೈಸಿಗೆ ಬಡಿಯಿತು.

ಅವನು ನೋಡಿದ. ಕಿಟಕಿ ನೋಡಿದ. ಬಾಗಿಲ ಮೇಜಿದ್ದ ಖಾಲಿ ಜಾಗ ನೋಡಿದ. ಆಮೇಲೆ ನೆಲದ ಮೇಲೆ ಕುಸಿದು ಕೂತ.

"ಅಳತೆಗೆ ನೀವಿರಲಿಲ್ಲ," ಅಂದ ಮೆಲ್ಲಗೆ. "ಕಣ್ಣು ಮುಚ್ಚಿ ನಿಮ್ಮನ್ನ ನೆನೆಸಿಕೊಂಡು ಮಾಡಿದೆ. ವರ್ಷ ಪೂರ್ತಿ ನಿಮ್ಮನ್ನ ನೋಡಿದ್ದು ಎದುರಿನಿಂದ. ವೈಸು ನನ್ನ ಎಡಕ್ಕೇ ಕಾಣ್ತಿತ್ತು. ಆಗ ನಿಮ್ಮ ಮುಖ ನನ್ನ ಕಡೆ ಇತ್ತು, ಈಗ ಗೋಡೆ ಕಡೆ ಅನ್ನೋದೇ ಹೊಳೀಲಿಲ್ಲ."

"ಬಲಗೈಯವಳು ಯಾರೋ ಬರ್ತಾಳೆ ಅಂದ್ಕೊಂಡೆ."

"ಮೇಜು ನೋಡಿ ಬೇಡ ಅಂದ್ರಿ ಅಂತ ನಾನಂದ್ಕೊಂಡೆ."

"ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ? ಊರೋರ ಮಾತೆಲ್ಲ ಮನೆ ಮನೆಗೆ ಹೊತ್ತು ಕೊಡ್ತೀರಿ..."

"ಅವರದ್ದಕ್ಕೆ ವಿಳಾಸ ಬರೆದಿರುತ್ತೆ. ನನ್ನದಕ್ಕೆ ಬರೆಯೋ ಧೈರ್ಯ ಬರಲಿಲ್ಲ. ಅದಕ್ಕೇ ಮರದಲ್ಲಿ ಮಾಡಿದೆ. ಅದರಲ್ಲೂ ತಪ್ಪಿದೆ."

ಅವನು ಎದ್ದು ಗೋಡೆಯಿಂದ ಪಾನಾ ತೆಗೆದು ವೈಸಿನ ನಟ್ಟು ಬಿಚ್ಚತೊಡಗಿದ.

"ತೂತು ಉಳಿಯುತ್ತೆ," ಅಂದ.

"ಉಳೀಲಿ. ಎಲ್ಲಿ ತಪ್ಪಿದ್ವಿ ಅಂತ ನೆನಪಿರುತ್ತೆ." ಅವಳು ಕಣ್ಣೊರೆಸಿಕೊಂಡಳು. "ಪ್ರೆಸ್ಸಿನವರಿಗೆ ಒಂದು ಕಾಗದ ಬರೀಬೇಕು. ಬರೋಕಾಗಲ್ಲ ಅಂತ."

"ಬರೀರಿ. ಇವತ್ತೇ ಒಯ್ತೀನಿ. ಓಡಿಕೊಂಡು ಒಯ್ತೀನಿ."

ಅವಳು ಅವನದೇ ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಮೇಜಿನ ಬಲತುದಿಯಲ್ಲಿ ವೈಸು ಬರಬೇಕಾದ ಜಾಗಕ್ಕೆ ಗುರುತು ಹಾಕಿದಳು. ಅವನು ನೋಡಲು ಅಭ್ಯಾಸಬಲದಿಂದ ಎದುರಿಗೆ ಬರಹೋದ. ಗೋಡೆ ಅಡ್ಡ ಬಂತು.

"ಎಲ್ಲಿ ನಿಲ್ಲಲಿ?" ಅಂದ.

"ಎದುರು ನಿಂತ್ರೆ ಮತ್ತೆ ತಪ್ಪುತ್ತೆ," ಅಂದಳು ಅವಳು. "ಪಕ್ಕಕ್ಕೆ ಬಾ."